ತಟ್ಟೆಯ ಮೇಲಿನ ಕೈ

ಆಷಾಢದಲ್ಲಿ ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಯಾರೂ ಬಯಸಿ ಕೂರುವುದಿಲ್ಲ. ಗಾಜು ಎಷ್ಟು ಎಳೆದರೂ ಅರ್ಧಕ್ಕೇ ನಿಲ್ಲುತ್ತದೆ. ಉಳಿದರ್ಧದಿಂದ ನುಗ್ಗುವ ಗಾಳಿ ತಲೆಯ ಎಣ್ಣೆಗೆ ಧೂಳು ಮೆತ್ತಿ, ಇಳಿಯುವ ಹೊತ್ತಿಗೆ ನಮ್ಮ ಗುರುತು ನಮಗೇ ಸಿಗದಂತೆ ಮಾಡುತ್ತದೆ. ಕಳೆದ ವಾರ ಖಾಲಿ ಇದ್ದದ್ದು ಅದೊಂದೇ ಸೀಟು, ಕೂತೆ. ಮುಂದಿನ ಸೀಟಿನಲ್ಲಿ ಕುರಿ ಕಾಯುವ ಯಜಮಾನರೊಬ್ಬರು ಕಂಬಳಿ ಹೊದ್ದು ತೂಕಡಿಸುತ್ತಿದ್ದರು. ಬೆಳಿಗ್ಗೆ ಉದುರಿದ ನಾಲ್ಕು ಹನಿಗೆ ಕಂಬಳಿ ತೊಯ್ದಿತ್ತು. ಹಸಿ ಉಣ್ಣೆಯ ವಾಸನೆ, ಕೆಮ್ಮಣ್ಣಿನ ಧೂಳು, ಬೀಸುಗಾಳಿ, ಮೂರೂ ಒಟ್ಟಿಗೆ ಮುಖಕ್ಕೆ ಬಡಿದಾಗ ಹಳೆಯ ಹೆದರಿಕೆಯೊಂದು ಎದ್ದು ಕೂತಿತು. ದೂರದ ಗುಡ್ಡದ ಮೇಲೆ ಬಿಳಿ ಫ್ಯಾನುಗಳು ತಿರುಗುತ್ತಿದ್ದವು. ಗಾಳಿಯಿಂದ ಕರೆಂಟು ತೆಗೆಯುವ ಆ ಯಂತ್ರಗಳನ್ನು ನಮ್ಮ ಕಡೆ ಎಲ್ಲರೂ ಫ್ಯಾನು ಎಂದೇ ಕರೆಯುವುದು. ಕೊಟ್ಟೂರಿಗೆ ಟಿಕೆಟ್ ತೆಗೆಸಿದವಳು ನಡುವಿನ ಕ್ರಾಸಿನಲ್ಲಿ ಎದ್ದು ನಿಂತೆ.

"ಕೊಟ್ಟೂರು ಇನ್ನಾ ದೂರ ಐತ್ರಿ ಅಕ್ಕಾರ" ಎಂದರು ಕಂಡಕ್ಟರ್.

"ಗೊತ್ತೈತ್ರಿ. ಇಲ್ಲೇ ಇಳೀತೀನಿ" ಎಂದೆ. ಬಸ್ಸು ಹೋದ ಮೇಲೆ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಗುಡ್ಡದ ಕಡೆಯ ಮಣ್ಣಿನ ದಾರಿ ಹಿಡಿದೆ.

ನನ್ನೂರು ಕೋಗಳಿ. ಅಪ್ಪನಿಗೆ ಒಂದಿಷ್ಟು ಹೊಲ, ಒಂದು ಹಿಂಡು ಕುರಿ. ಎಷ್ಟೋ ವರ್ಷಗಳ ಹಿಂದೆ, ಡಿಪ್ಲೊಮಾ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಈ ಗುಡ್ಡದ ಬುಡದ ಕಂಟ್ರೋಲ್ ರೂಮಿನಲ್ಲಿ. ಪರದೆಯ ಮುಂದೆ ಕೂತು ಯಾವ ಫ್ಯಾನು ತಿರುಗುತ್ತಿದೆ, ಯಾವುದು ನಿಂತಿದೆ, ಯಾವ ಕಂಬದ ತಲೆಯ ಮೇಲೆ ಗಾಳಿ ಎಷ್ಟಿದೆ ಎಂದು ನೋಡುತ್ತಿರಬೇಕು. ನಿಂತದ್ದನ್ನು ಸರಿಮಾಡಲು ಟೆಕ್ನಿಶಿಯನ್ನರು ಕಂಬದ ಒಳಗಿನ ಏಣಿ ಹತ್ತಿ ಹೋಗಬೇಕು. ಕಂಬಗಳ ಬಾಗಿಲಿನ ಕೀಗಳೆಲ್ಲ ನನ್ನ ಬೆನ್ನ ಹಿಂದಿನ ಗೋಡೆಯ ಮೊಳೆಗಳಲ್ಲಿ ತೂಗುತ್ತಿದ್ದವು. ಗಾಳಿ ಮಿತಿಯೊಳಗಿದ್ದರೆ ಕೀ ಕೊಡಬೇಕು, ದಾಟಿದ್ದರೆ ಕೊಡಬಾರದು. ಆ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಗೋಡೆಗೆ ಅಂಟಿದ ನಿಯಮಕ್ಕೆ ಬಾಯಿಲ್ಲ, ಅದರ ಪರವಾಗಿ ಮಾತಾಡಬೇಕಾದವಳು ನಾನೇ ಎಂಬುದು ನನಗೆ ತಡವಾಗಿ ತಿಳಿಯಿತು. ಕೆಲಸದ ಒಪ್ಪಂದ ಒಂದು ಗಾಳಿಗಾಲಕ್ಕೆ ಮಾತ್ರ. ಶ್ರಾವಣ ಮುಗಿಯುವಾಗ ಮುಂದುವರಿಸುವುದೋ ಬಿಡುವುದೋ ಪುಣೆಯ ಮುಖ್ಯ ಕಚೇರಿ ನೋಡಿ ಹೇಳುತ್ತದೆ ಎಂದಿದ್ದರು.

ಕಾನಹೊಸಹಳ್ಳಿಯ ದೊಡ್ಡವ್ವನ ಮನೆಯಲ್ಲಿ ಉಳಿದುಕೊಂಡೆ. ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ದಿನಾ ಹೊರಡುವಾಗ ಹಣೆಗೆ ಮೈಲಾರದ ಭಂಡಾರದ ಅರಿಶಿನ ಹಚ್ಚಿ, "ಕರೆಂಟ್ ಮುಟ್ಟಬ್ಯಾಡ ಮತ್ತ" ಎಂದು ಕಳಿಸುತ್ತಿದ್ದಳು. ನನ್ನ ಕೆಲಸ ಕರೆಂಟ್ ಮುಟ್ಟುವುದಲ್ಲ, ಫೋನ್ ಮುಟ್ಟುವುದು ಎಂದು ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ನಿಜಕ್ಕೂ ನನಗೆ ಹೆದರಿಕೆ ಇದ್ದದ್ದು ಫೋನಿನದೇ.

ಆ ಫೋನಿನ ಇನ್ನೊಂದು ತುದಿಯಲ್ಲಿ ಪುಣೆಯ ಅರೋರಾ ಸರ್ ಇರುತ್ತಿದ್ದರು. ಅವರ ಮಾತೆಲ್ಲ ಇಂಗ್ಲಿಷಿನಲ್ಲಿ. ಕೆಟ್ಟ ಮನುಷ್ಯರಲ್ಲ, ಆದರೆ ಭಾರಿ ಅವಸರ. ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಅರ್ಧ ಹೇಳಿಬಿಡುತ್ತಿದ್ದರು. ನನಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಬರೆಯಲು ಬರುತ್ತಿತ್ತು. ಮಾತಾಡುವಾಗ ಒಂದು ತೊಂದರೆ ಇತ್ತು. ಹುಟ್ಟಿದಾಗಿನಿಂದ ಹಿರಿಯರ ಜೊತೆ ಆಡಿದ ಪ್ರತಿ ಮಾತಿನ ಬಾಲಕ್ಕೆ ಒಂದು 'ರಿ' ಕಟ್ಟಿಯೇ ಗೊತ್ತು. ಬರ್ರಿ, ಕೂಡ್ರಿ, ಬ್ಯಾಡ್ರಿ, ಇಲ್ರಿ. ಆ ರಿ ಇದ್ದರೆ ಎಂಥ ಖಾರದ ಮಾತಿಗೂ ಒಂದು ಮರ್ಯಾದೆ ಬರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಎಲ್ಲಿ ಕಟ್ಟುವುದು? ಕಾಣದೆ ಸಿಕ್ಕಸಿಕ್ಕಲ್ಲಿ 'ಸರ್' ಸುರಿಯುತ್ತಿದ್ದೆ. ನನ್ನ ವಾಕ್ಯದ ತಲೆಗೊಂದು ಸರ್, ಸೊಂಟಕ್ಕೊಂದು ಸರ್, ಬಾಲಕ್ಕೊಂದು ಸರ್. ನಡುವೆ ಹೇಳಬೇಕಾದ ಸಂಗತಿ ಎಲ್ಲೋ ಕಳೆದುಹೋಗುತ್ತಿತ್ತು.

ಮೃಗಶಿರದ ಮಳೆ ಬಿದ್ದು ಸುತ್ತಲಿನ ಹೊಲಗಳಲ್ಲಿ ಬಿತ್ತನೆಯಾಗಿತ್ತು. ಒಂದು ದಿನ ಅರೋರಾ ಸರ್ ಫೋನ್ ಮಾಡಿ, ಮರುದಿನ ದೊಡ್ಡ ಕ್ರೇನ್ ಬರುತ್ತದೆ, ಗುಡ್ಡದ ಬುಡದ ರೈತ ಅಜ್ಜಪ್ಪನ ಹೊಲದ ಮೇಲೆ ಹಾಯಿಸಿ ಗುಡ್ಡ ಹತ್ತಿಸಬಹುದಲ್ಲ ಎಂದರು. ಅಜ್ಜಪ್ಪ ಹಿಂದಿನ ದಿನವಷ್ಟೇ ಮೆಕ್ಕೆಜೋಳ ಬಿತ್ತಿದ್ದ. ಕ್ರೇನ್ ಇರಲಿ, ಕೋಳಿ ಹಾಯಲೂ ಬಿಡುವವನಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಹೇಳಿದ್ದು, "ವಿ ವಿಲ್ ಸೀ ಸರ್."

ನಮ್ಮ ಕಡೆ ಹಿರಿಯರ ಮುಖಕ್ಕೆ ಹೊಡೆದಂತೆ ಇಲ್ಲ ಅನ್ನುವ ಪದ್ಧತಿ ಇಲ್ಲ. ಎತ್ತು ಕೇಳಿದರೆ "ನೋಡಾನ್ರಿ", ಸಾಲ ಕೇಳಿದರೆ "ನೋಡಾನ್ರಿ", ಹುಡುಗಿ ಕೇಳಿದರೂ "ನೋಡಾನ್ರಿ". ಕೇಳಿದವರು ಅಷ್ಟಕ್ಕೇ ಅರ್ಥ ಮಾಡಿಕೊಂಡು, ಚಹಾ ಕುಡಿದು, ಮಳೆಯ ಸುದ್ದಿ ಮಾತಾಡಿ ಎದ್ದು ಹೋಗುತ್ತಾರೆ. ಯಾರಿಗೂ ಅವಮಾನವಿಲ್ಲ. ನಾನು ಅರೋರಾ ಸರ್‌ಗೆ ಅಷ್ಟೇ ಮರ್ಯಾದೆಯಿಂದ ಇಲ್ಲ ಎಂದಿದ್ದೆ. ಸಂಜೆಯ ಹೊತ್ತಿಗೆ ಎಲ್ಲರಿಗೂ ಮೇಲ್ ಬಂತು: ಕಂಟ್ರೋಲ್ ರೂಮಿನವರು ದಾರಿ ಖಚಿತಪಡಿಸಿದ್ದಾರೆ.

ಮರುದಿನ ಕ್ರೇನ್ ಬಂತು. ಅಜ್ಜಪ್ಪ ಬದುವಿನ ಮೇಲೆ ಕೈಕಟ್ಟಿ ನಿಂತ. ಕ್ರೇನಿನವನು ಹಾರ್ನ್ ಹೊಡೆದ, ಅಜ್ಜಪ್ಪ ಬೀಡಿ ಹಚ್ಚಿದ. ಇಡೀ ದಿನ ಆ ದೈತ್ಯ ಯಂತ್ರ ಆಗತಾನೇ ಬಿತ್ತಿದ ಹೊಲದ ಮುಂದೆ ಸುಮ್ಮನೆ ನಿಂತಿತ್ತು. ಸುತ್ತಲಿನ ಊರಿನವರು ಜಾತ್ರೆಗೆ ಬಂದಂತೆ ಬಂದು ನೋಡಿ ಹೋದರು. ನಮ್ಮ ಸೈಟಿನ ಮುಖ್ಯಸ್ಥರು ತಮಿಳುನಾಡಿನ ಸೆಲ್ವಂ ಸರ್, ಮೆದು ಮನುಷ್ಯ. ನನ್ನ ಪರವಾಗಿ ಅವರೇ ಬೈಸಿಕೊಂಡರು. ಅರೋರಾ ಸರ್ ನನಗೆ ಹೇಳಿದ್ದು ಒಂದೇ ಮಾತು: ಇನ್ನೊಮ್ಮೆ ಹೀಗಾದರೆ ಶ್ರಾವಣದ ನಂತರ ನಿಮ್ಮನ್ನು ಇಟ್ಟುಕೊಳ್ಳುವುದು ಕಷ್ಟ. ಅಂದು ಬಸ್ಸಿನಲ್ಲಿ ಅಳು ನುಂಗಿಕೊಂಡು ಬಂದೆ. ಸುಳ್ಳು ಹೇಳಿ ಬೈಸಿಕೊಂಡಿದ್ದರೆ ಅಷ್ಟು ಉರಿಯುತ್ತಿರಲಿಲ್ಲ, ಮರ್ಯಾದೆ ಕೊಟ್ಟು ಬೈಸಿಕೊಂಡಿದ್ದೆ.

ಇದಾದ ಮೇಲೆ ನಮಗೆಲ್ಲ ಮಾತಾಡಲು ಕಲಿಸಬೇಕೆಂದು ಪುಣೆಯವರು ತೀರ್ಮಾನ ಮಾಡಿದರು. ಹುಬ್ಬಳ್ಳಿಯಿಂದ ಮೀರಾ ಮೇಡಂ ಎಂಬ ತರಬೇತುದಾರರು ಬಂದರು. ಬಂದದ್ದು ಸರಿಯಾಗಿ ಮಣ್ಣೆತ್ತಿನ ಅಮಾವಾಸ್ಯೆಯ ದಿನ. ಮನೆಯಲ್ಲಿ ಹೋಳಿಗೆ ಬಿಟ್ಟು ಬೇವಿನ ಮರದ ಕೆಳಗೆ ಇಂಗ್ಲಿಷ್ ಕಲಿಯಲು ಕೂತವರ ಮುಖ ಹೇಗಿತ್ತೆಂದು ಬರೆಯಬೇಕಿಲ್ಲ. ಮೇಡಂ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಕಷ್ಟದ ಸಂದರ್ಭದಲ್ಲಿ ನಯವಾಗಿ, ಆದರೆ ಗಟ್ಟಿಯಾಗಿ ಹೇಳಬೇಕಾದ ಇಂಗ್ಲಿಷ್ ಮಾತುಗಳು ಅದರಲ್ಲಿದ್ದವು. ಅವರು ಮೊದಲ ಸಾಲು ಓದುವಷ್ಟರಲ್ಲಿ ಗಾಳಿ ಬೀಸಿತು ನೋಡಿ, ಹಾಳೆಗಳೆಲ್ಲ ಕೊಕ್ಕರೆಗಳಂತೆ ಎದ್ದು ತಂತಿಬೇಲಿಯ ಕಡೆ ಹಾರಿದವು. ಟೆಕ್ನಿಶಿಯನ್ನರು, ವಾಚ್‌ಮನ್ ಹನುಮಜ್ಜ, ಸೆಲ್ವಂ ಸರ್ ಎಲ್ಲರೂ ಜಾಲಿಗಿಡದೊಳಗೆ ಕೈಹಾಕಿ ನಯವಾದ ಮಾತುಗಳನ್ನು ಒಂದೊಂದಾಗಿ ಬಿಡಿಸಿ ತಂದರು.

ಟೆಕ್ನಿಶಿಯನ್ನರಲ್ಲಿ ಕೊಟ್ರೇಶ ಎಂಬವನಿದ್ದ, ಕೊಟ್ಟೂರಿನವನೇ. ಕಂಬ ಹತ್ತುವುದರಲ್ಲಿ ಅವನಷ್ಟು ಚುರುಕು ಯಾರೂ ಇರಲಿಲ್ಲ, ತಮಾಷೆಯಲ್ಲೂ ಅಷ್ಟೆ. ಮೇಡಂ ಅವನನ್ನು ಬಾಸ್ ಮಾಡಿ, ಹನುಮಜ್ಜನಿಗೆ ಅವನ ಮಾತು ನಿರಾಕರಿಸಲು ಹೇಳಿದರು.

ಕೊಟ್ರೇಶ ಕಾಲ ಮೇಲೆ ಕಾಲು ಹಾಕಿ, "ಹನುಮಜ್ಜಾ, ಇವತ್ತ ನೈಟ್ ಡ್ಯೂಟಿ ಮಾಡ್ಬೇಕು ನೋಡು" ಎಂದ.

ಹನುಮಜ್ಜ ಹಾಳೆ ತಲೆಕೆಳಗಾಗಿ ಹಿಡಿದು, "ಐ ಅಂಡರ್‌ಸ್ಟ್ಯಾಂಡ್... ಲೇ, ನಿನ್ನೆನೂ ನಾನ ಮಾಡೀನಲ್ಲೋ!" ಎಂದು ಬೈದ. ಮೇಡಂ ಕೂಡ ನಕ್ಕರು. ಅಂದಿನಿಂದ ನಮ್ಮ ಸೈಟಿನಲ್ಲಿ ಯಾರಾದರೂ ಇನ್ನೊಂದು ಮಿರ್ಚಿ ಬಜ್ಜಿ ಕೇಳಿದರೆ, "ಐ ಅಂಡರ್‌ಸ್ಟ್ಯಾಂಡ್ ಯುವರ್ ಕನ್ಸರ್ನ್" ಎನ್ನುತ್ತ ಕೊಟ್ರೇಶ ತಟ್ಟೆ ಹಿಂದಕ್ಕೆ ಎಳೆದುಕೊಳ್ಳುವುದು ರೂಢಿಯಾಯಿತು.

ನನ್ನ ಸರದಿ ಬಂದಾಗ ಹಾಳೆಯಲ್ಲಿದ್ದದ್ದನ್ನೆಲ್ಲ ತಪ್ಪಿಲ್ಲದೆ ಹೇಳಿದೆ. ಹೇಳಿ ಮುಗಿಸಿ, "ಸಾರಿ ಸರ್, ಇಫ್ ಪಾಸಿಬಲ್ ಸರ್, ಐ ವಿಲ್ ಟ್ರೈ ಸರ್" ಎಂದು ಬಾಲ ಸೇರಿಸಿದೆ. ಮೇಡಂ ಹಾಳೆ ಮಡಚಿದರು. "ಎಲ್ಲಾ ಕಟ್ಟಿ, ಕಡೀಗೆ ನೀವ ಕೆಡವಿಬಿಟ್ರಲ್ರೀ" ಎಂದರು. ಏನು ಕೆಡವಿದೆ ಎಂದು ಅವತ್ತು ಆ ಮರದ ಕೆಳಗೆ ನನಗೆ ಹೊಳೆಯಲಿಲ್ಲ.

ಹಬ್ಬದ ದಿನ ಅವರನ್ನು ಉಪವಾಸ ಕಳಿಸಬಾರದೆಂದು ಮಧ್ಯಾಹ್ನ ದೊಡ್ಡವ್ವನ ಮನೆಗೆ ಕರೆದುಕೊಂಡು ಹೋದೆ. ದೇವರ ಗೂಡಿನಲ್ಲಿ ಮಣ್ಣಿನ ಎತ್ತುಗಳು ಕೊಂಬಿಗೆ ಬಣ್ಣ ಬಳಿಸಿಕೊಂಡು ನಿಂತಿದ್ದವು. ಮೇಡಂ, ನಾನು, ದೊಡ್ಡವ್ವ ಸಾಲಾಗಿ ಊಟಕ್ಕೆ ಕೂತೆವು. ದೊಡ್ಡವ್ವನ ಸೊಸೆ ರೇಣುಕಾ ಬಡಿಸುತ್ತಿದ್ದಳು. ಎರಡು ಹೋಳಿಗೆ ಆದ ಮೇಲೆ ಮೇಡಂ, "ಅಯ್ಯೋ ಸಾಕ್ರೀ, ಬ್ಯಾಡ್ರೀ, ಖರೇನ ಬ್ಯಾಡ್ರೀ, ನನಗ ಇಷ್ಟ ಉಂಡು ರೂಢಿ ಇಲ್ರೀ" ಎನ್ನುತ್ತ ಎರಡೂ ಕೈ ಎತ್ತಿ ಗಾಳಿಯಲ್ಲಿ ಆಡಿಸಿದರು. ಕೈ ಮೇಲೆದ್ದ ಕೂಡಲೇ ಮೂರನೆಯ ಹೋಳಿಗೆ ತಟ್ಟೆಗೆ ಬಿತ್ತು. ಅದರ ಮೇಲೆ ತುಪ್ಪ ಬಿತ್ತು. ಅದನ್ನು ಕಂಡು ಮತ್ತೆ ಕೈ ಎತ್ತಿದರು, ನಾಲ್ಕನೆಯದೂ ಬಿತ್ತು.

ರೇಣುಕಾ ಹಾಗೇ ದೊಡ್ಡವ್ವನ ಕಡೆ ತಿರುಗಿದಳು. ದೊಡ್ಡವ್ವ ತಟ್ಟೆಯ ಮೇಲೆ ಅಂಗೈ ಅಗಲಿಸಿ ಇಟ್ಟಳು. "ಹೋಳಿಗಿ ಭಾಳ ಚಲೋ ಆಗ್ಯಾವ ನೋಡವಾ. ನನ್ನ ಹೊಟ್ಟಿ ತುಂಬೈತಿ. ಇನ್ನ ಬ್ಯಾಡ. ರಾತ್ರಿಗೊಂದು ತಗದಿಡು, ಹಾಲಾಗ ಕಲಿಸ್ಕೊಂಡು ಉಣ್ತೀನಿ." ಅಷ್ಟೇ. ರೇಣುಕಾ ಹೋಳಿಗೆ ಹಿಡಿದು ಒಂದು ಗಳಿಗೆ ನಿಂತಳು. ದೊಡ್ಡವ್ವ ಮತ್ತೊಂದು ಮಾತಾಡಲಿಲ್ಲ, ಕೈಯನ್ನೂ ಕದಲಿಸಲಿಲ್ಲ. ರೇಣುಕಾ ಅಡುಗೆಮನೆಗೆ ಹೋದಳು. ಆಮೇಲೆ ದೊಡ್ಡವ್ವ ಕೈ ತೆಗೆದು ಅನ್ನಕ್ಕೆ ಸಾರು ಕಲಸಿದಳು.

"ನಿಮ್ಮನ್ನ ಬಿಟ್ಟುಬಿಟ್ರಲ್ರೀ ಅಮ್ಮಾ! ನನಗ ಮಾತ್ರ ಹಾಕಿದ್ರು!" ಎಂದರು ಮೇಡಂ, ಬೆವರು ಒರೆಸಿಕೊಳ್ಳುತ್ತ.

"ನೀವು ಬಾಯಿಲೆ ಬ್ಯಾಡ ಅಂತೀರಿ, ಕೈ ತಗೀತೀರಿ" ಎಂದು ದೊಡ್ಡವ್ವ ನಕ್ಕಳು. "ಬಡಸೋರು ಅತ್ಲಾಗ ಹೋಗೋತನ ಕೈ ತಗೀಬಾರದ್ರಿ ತಾಯಿ."

ಮೇಡಂ ಹೋಳಿಗೆ ಮುರಿಯುವುದನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಬೆಳಿಗ್ಗೆ ನಾ ನಿಮಗ ಹೇಳಬೇಕಂದಿದ್ದು ಇದ ನೋಡ್ರಿ. ಎದುರಿನವರ ಕಷ್ಟ ಒಪ್ಕೋರಿ. ಇದ್ದದ್ದು ಇದ್ದಂಗ ಹೇಳ್ರಿ. ಆಗಂಗಿಲ್ಲ ಅನ್ರಿ. ಏನು ಆಗತೈತಿ ಅನ್ನೋದನ್ನೂ ಹೇಳ್ರಿ. ಆಮ್ಯಾಲೆ ಸುಮ್ನಿರ್ರಿ. ನಿಮಗ ಸುಮ್ನಿರಾಕ ಬರಂಗಿಲ್ಲ, ಅಲ್ಲೇ ಕೈ ತಗೀತೀರಿ." ಬುದ್ಧಿ ಹೇಳಿ ಮುಗಿಸಿ ನಾಲ್ಕನೆಯ ಹೋಳಿಗೆಯನ್ನೂ ತಿಂದರು ಪಾಪ. ಸಂಜೆ ಹುಬ್ಬಳ್ಳಿ ಬಸ್ಸು ಹತ್ತಿಸುವಾಗಲೂ ಹೊಟ್ಟೆ ಹಿಡಿದುಕೊಂಡೇ ಇದ್ದರು.

ಮರುದಿನದಿಂದ ಆಷಾಢ. ಮಲೆನಾಡಿನವರಿಗೆ ಆಷಾಢವೆಂದರೆ ಮಳೆ ಇರಬಹುದು, ನಮಗೆ ಗಾಳಿ. ಮೋಡಗಳು ನಮ್ಮ ತಲೆಯ ಮೇಲೇ ಬೆಳಗಿನಿಂದ ಸಂಜೆಯವರೆಗೆ ಓಡುತ್ತವೆ, ನಿಂತು ನಾಲ್ಕು ಹನಿ ಹಾಕುವಷ್ಟೂ ಪುರುಸೊತ್ತಿಲ್ಲದವರ ಹಾಗೆ. ಕುರಿಗಳು ಬದುವಿನ ಮರೆಗೆ ಒಂದರ ಹೊಟ್ಟೆಯೊಳಗೆ ಒಂದು ತಲೆ ತೂರಿಸಿ ನಿಲ್ಲುತ್ತವೆ. ಒಣಹಾಕಿದ ಬಟ್ಟೆ ಪಕ್ಕದ ಊರಿನಲ್ಲಿ ಸಿಗುತ್ತದೆ. ಕಂಟ್ರೋಲ್ ರೂಮಿನ ತಗಡಿನ ಮಾಡು ದಿನವಿಡೀ ಯಾರೋ ಮೇಲೆ ಕುಣಿಯುತ್ತಿದ್ದಂತೆ ದಡಬಡ ಎನ್ನುತ್ತಿತ್ತು. ಊಟದ ಡಬ್ಬಿ ತೆರೆದರೆ ಮೊದಲ ತುತ್ತಿಗೇ ಮರಳು ಕರಕರ ಎನ್ನುತ್ತಿತ್ತು. ಫ್ಯಾನುಗಳಿಗೆ ಅದೇ ಸುಗ್ಗಿ. ವರ್ಷದ ಕರೆಂಟಿನ ಬಹುಪಾಲು ಈ ತಿಂಗಳುಗಳಲ್ಲೇ ಬರಬೇಕು, ಒಂದು ಫ್ಯಾನು ಒಂದು ದಿನ ನಿಂತರೂ ಪುಣೆಯಲ್ಲಿ ಯಾರಿಗೋ ನಿದ್ದೆ ಕೆಡುತ್ತದೆ. ಹಾಗಾಗಿ ಅರೋರಾ ಸರ್ ಅವಸರವೂ ಗಾಳಿಯಂತೆಯೇ ದಿನದಿಂದ ದಿನಕ್ಕೆ ಏರುತ್ತಿತ್ತು.

ಅಂಥ ಒಂದು ದಿನ ಗುಡ್ಡದ ತುದಿಯ ಫ್ಯಾನು ನಿಂತಿತು. ಅದರ ತಲೆಯ ಮೇಲೆ ಗಾಳಿ ಅಳೆಯುವ ಒಂದು ಸಣ್ಣ ಸಾಧನ ಇರುತ್ತದೆ. ಗಾಳಿಯ ಹೊಡೆತಕ್ಕೆ ಅದೇ ಕೆಟ್ಟಿತ್ತು. ಅದು ಸೊನ್ನೆ ತೋರಿಸಿದ್ದರಿಂದ ಗಾಳಿಯೇ ಇಲ್ಲವೆಂದುಕೊಂಡು ಫ್ಯಾನು ಸುಮ್ಮನಾಗಿತ್ತು. ಸರಿಮಾಡಬೇಕೆಂದರೆ ಏಣಿ ಹತ್ತಿ, ಮೇಲಿನ ಮುಚ್ಚಳ ತೆರೆದು, ಬಯಲಿಗೆ ಬಂದು, ಬೆಲ್ಟು ಸಿಕ್ಕಿಸಿಕೊಂಡು ಅದರ ನೆತ್ತಿಯ ಮೇಲೆ ನಿಲ್ಲಬೇಕು. ಅಕ್ಕಪಕ್ಕದ ಕಂಬಗಳ ಗಾಳಿಯ ಅಂಕಿಗಳು ನನ್ನ ಪರದೆಯಲ್ಲಿ ಮಿತಿ ದಾಟಿ ಕೆಂಪಾಗಿದ್ದವು. ಸೆಲ್ವಂ ಸರ್ ರಜೆ ಹಾಕಿ ಊರಿಗೆ ಹೊರಟಿದ್ದರು, ರೈಲಿನಲ್ಲಿ ಫೋನ್ ಸಿಗುತ್ತಿರಲಿಲ್ಲ. ಕೊಟ್ರೇಶ ಬೆಲ್ಟು ತೊಟ್ಟು, ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನನ್ನ ಟೇಬಲ್ಲಿನ ಮುಂದೆ ನಿಂತಿದ್ದ. ಕೊಡುವುದೋ ಬಿಡುವುದೋ ತೀರ್ಮಾನವಾಗದೆ ನಾನು ಮೊಳೆಯಿಂದ ಆ ಕಂಬದ ಕೀ ತೆಗೆದು ಟೇಬಲ್ಲಿನ ಮೇಲೆ ಇಟ್ಟುಕೊಂಡೆ. ಆಗ ಫೋನ್ ಬಂತು.

ತಗಡಿನ ಸದ್ದಿಗೆ ಏನೂ ಕೇಳದೆ ಸ್ಪೀಕರ್ ಹಾಕಿದೆ. ಅರೋರಾ ಸರ್ ಇಂಗ್ಲಿಷಿನಲ್ಲಿ ಶುರುಮಾಡಿದರು. ಹುಡುಗನನ್ನು ಯಾಕೆ ಇನ್ನೂ ಹತ್ತಿಸಿಲ್ಲ? ನಾನು ಗಾಳಿ ಜಾಸ್ತಿ ಇದೆ ಸರ್ ಎಂದೆ. ತಮ್ಮ ಪರದೆಯಲ್ಲಿ ಆ ಕಂಬದ ಗಾಳಿ ಸೊನ್ನೆ ಇದೆಯಲ್ಲ ಎಂದರು. ಅಳೆಯುವುದೇ ಕೆಟ್ಟಿದೆ, ಪಕ್ಕದ ಕಂಬಗಳನ್ನು ನೋಡಿ ಸರ್ ಎಂದೆ. ಪಕ್ಕದ್ದು ಪಕ್ಕದ್ದು, ಇದರದ್ದು ಹೇಳಿ ಎಂದರು. ಕೊಟ್ರೇಶ ರೆಡಿ ಇದ್ದಾನಾ ಎಂದರು. ನಾನು ಬಾಯಿ ತೆರೆಯುವ ಮೊದಲೇ ಕೊಟ್ರೇಶ ಫೋನಿಗೆ ಬಗ್ಗಿ, "ರೆಡಿ ಸರ್!" ಎಂದು ಕೂಗಿದ.

ಅವನು ನನ್ನ ಕಡೆ ನೋಡಿ ಕಣ್ಣು ಹೊಡೆದ. ನನಗೆ ಕಿಟಕಿಯಾಚೆ ಹನುಮಜ್ಜನ ಛತ್ರಿ ಕಾಣುತ್ತಿತ್ತು. ಅದು ಮೇಲ್ಮುಖವಾಗಿ ಹೂವಿನಂತೆ ಅರಳಿಹೋಗಿತ್ತು, ಅಜ್ಜ ಅದರ ಜೊತೆ ಗುದ್ದಾಡುತ್ತಿದ್ದ. ನೆಲದ ಮೇಲೆ ಇಷ್ಟಾದರೆ ಅಷ್ಟು ಎತ್ತರದಲ್ಲಿ ಎಷ್ಟು? ಕೆಲಸ ಹೋಗುತ್ತದೆ ಎಂಬುದು ಸ್ಪಷ್ಟವಾಗಿ ಹೊಳೆಯಿತು. ಅಪ್ಪನಿಗೆ ಏನು ಹೇಳುವುದು ಎಂಬುದೂ ಹೊಳೆಯಿತು. ನಾಲಿಗೆಯ ತುದಿಯಲ್ಲಿ "ವಿ ವಿಲ್ ಸೀ ಸರ್" ಬಂದು ಕೂತಿತ್ತು. ಅದನ್ನು ಹೇಳಿದ್ದರೆ ಅವರು ಹೂಂ ಎಂದುಕೊಳ್ಳುತ್ತಿದ್ದರು, ಕೊಟ್ರೇಶನೂ ಕೀ ಎತ್ತಿಕೊಳ್ಳುತ್ತಿದ್ದ, ಮುಂದೆ ಏನಾದರೂ ಆದರೆ ನಾನು ಇಲ್ಲವೆಂದೇ ಅಂದಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು.

"ಸರ್," ಎಂದೆ. ಒಂದೇ ಸಲ. "ಐ ಅಂಡರ್‌ಸ್ಟ್ಯಾಂಡ್ ಇಟ್ ಈಸ್ ಅರ್ಜೆಂಟ್. ದಿ ವಿಂಡ್ ಈಸ್ ಅಬವ್ ದಿ ಲಿಮಿಟ್. ಐ ಕೆನಾಟ್ ಗಿವ್ ದಿ ಕೀ. ವೆನ್ ಇಟ್ ಕಮ್ಸ್ ಡೌನ್, ಐ ವಿಲ್ ಸೆಂಡ್ ಹಿಮ್ ಅಂಡ್ ಐ ವಿಲ್ ಕಾಲ್ ಯು."

ಯಾವತ್ತೂ ನನ್ನ ಅರ್ಧ ಉತ್ತರವನ್ನು ತಾವೇ ಹೇಳುವವರು ಸುಮ್ಮನಾಗಿದ್ದರು. ತಗಡು ದಡಬಡ ಎನ್ನುತ್ತಲೇ ಇತ್ತು. ಗಂಟಲಿನಿಂದ ಸಾರಿ ಸರ್ ಏರಿ ಬಂತು, ಅದರ ಹಿಂದೆ ಇಫ್ ಪಾಸಿಬಲ್ ಸರ್ ಬಂತು, ಹಲ್ಲು ಕಚ್ಚಿ ಎರಡನ್ನೂ ನುಂಗಿದೆ. ಕಣ್ಣು ಕೆಳಗೆ ಹೋಯಿತು. ನನ್ನ ಬಲಗೈ ಟೇಬಲ್ಲಿನ ಮೇಲೆ, ಕೀಯ ಮೇಲೆ, ಅಂಗೈ ಅಗಲಿಸಿಕೊಂಡು ಕೂತಿತ್ತು. ನಾನು ಯಾವಾಗ ಇಟ್ಟೆನೋ ನನಗೇ ತಿಳಿಯದು.

"ಯು ವಿಲ್ ಹ್ಯಾವ್ ಟು ಆನ್ಸರ್ ಫಾರ್ ದಿಸ್" ಎಂದರು ಅರೋರಾ ಸರ್, ಇದಕ್ಕೆ ನೀವೇ ಉತ್ತರ ಕೊಡಬೇಕಾಗುತ್ತದೆ ಎಂದು. ನಾನು "ಯೆಸ್ ಸರ್" ಎಂದೆ. ಫೋನ್ ಕಟ್ಟಾಯಿತು.

ಮುಗಿಯಿತು ಎಂದುಕೊಂಡರೆ ಮುಗಿದಿರಲಿಲ್ಲ. "ಕೀ ಕೊಡ್ರಿ ಅಕ್ಕಾ" ಎಂದ ಕೊಟ್ರೇಶ. "ಅರ್ಧ ತಾಸಿನ ಕೆಲಸ. ಹೋಗಿ ಹಿಂಗ ಬಂದುಬಿಡ್ತೀನಿ. ಸಾಹೇಬರಿಗೆ ಆಮ್ಯಾಲೆ ಹೇಳಿದ್ರಾತು."

ಪುಣೆಯವರಿಗೆ ಇಲ್ಲ ಎನ್ನುವುದಕ್ಕಿಂತ ಇವನಿಗೆ ಇಲ್ಲ ಎನ್ನುವುದು ಕಷ್ಟವಾಯಿತು. ಇಂಗ್ಲಿಷ್ ನನಗೆ ಎರವಲು ಅಂಗಿ, ಅದನ್ನು ತೊಟ್ಟು ಆಡಿದ ಮಾತು ಬೇರೆ ಯಾರೋ ಆಡಿದಂತಿತ್ತು. ನಮ್ಮ ಮಾತಿನಲ್ಲಿ ನಮ್ಮವನ ಮುಖ ನೋಡಿ ಹೇಳುವಾಗ ಅಡಗಿಕೊಳ್ಳಲು ಜಾಗವಿರಲಿಲ್ಲ. "ಕೊಟ್ರೇಶ, ನಿನ್ನ ಕೆಲಸದ ಮ್ಯಾಲೆ ನನಗ ಅನುಮಾನ ಇಲ್ಲಪಾ" ಎಂದೆ. "ಗಾಳಿ ಮಿತಿ ದಾಟೈತಿ. ಕೀ ಕೊಡಂಗಿಲ್ಲ. ಇಳೀಲಿ, ನಾನ ನಿನ್ನ ಕರೀತೀನಿ."

ಅವನು ಕಾದ. ನಾನು ಸುಮ್ಮನಿದ್ದೆ. ಅವನ ಮುಖ ಕೆಂಪಗಾಯಿತು. "ಕೀ ಏನು ನಿಮ್ಮ ಮನೀದಾ?" ಎಂದು ಹೆಲ್ಮೆಟ್ಟನ್ನು ಕುರ್ಚಿಯ ಮೇಲೆ ಎಸೆದು ಹೊರಗೆ ಹೋದ. ಬಾಗಿಲು ಗಾಳಿಗೆ ತಾನಾಗಿಯೇ ಬಡಿದುಕೊಂಡಿತು. ಎದ್ದು ಚಿಲಕ ಹಾಕಿ, ಕೀಯನ್ನು ಮೊಳೆಗೆ ತೂಗುಹಾಕಿದೆ.

ಮೂರನೆಯ ದಿನ ಬೆಳಿಗ್ಗೆ ಗಾಳಿ ತಗ್ಗಿತು. ಕೊಟ್ರೇಶನನ್ನು ಕರೆದೆ. ಬಂದ, ಕೀ ತೆಗೆದುಕೊಂಡ, ಹತ್ತಿದ, ಸರಿಮಾಡಿದ, ಇಳಿದ, ಕೀಯನ್ನು ಟೇಬಲ್ಲಿನ ಮೇಲಿಟ್ಟು ಹೋದ. ನನ್ನ ಜೊತೆ ಒಂದು ಮಾತಿಲ್ಲ. ಅವನ ದೃಷ್ಟಿಯಲ್ಲಿ ಕೆಲಸ ಬಲ್ಲ ಗಂಡಸನ್ನು ಬೆಲ್ಟು ತೊಟ್ಟ ಮೇಲೆ ತಡೆದು ನಿಲ್ಲಿಸಿದವಳು ನಾನು. ಉಳಿದವರು ಅವನನ್ನು ರೇಗಿಸಿದ್ದರು ಕೂಡ. ನಮ್ಮ ಸೈಟಿನಲ್ಲಿ ಐ ಅಂಡರ್‌ಸ್ಟ್ಯಾಂಡ್ ಯುವರ್ ಕನ್ಸರ್ನ್ ತಮಾಷೆ ಅಲ್ಲಿಗೆ ನಿಂತಿತು. ಅದು ನಿಂತದ್ದೇ ನನಗೆ ಹೆಚ್ಚು ಬೇಸರವಾಯಿತು.

ಅವತ್ತು ಹತ್ತಿದ್ದರೆ ಏನಾಗುತ್ತಿತ್ತು? ಬಹುಶಃ ಏನೂ ಆಗುತ್ತಿರಲಿಲ್ಲ. ಅವನು ನಿಜಕ್ಕೂ ಅರ್ಧ ತಾಸಿನಲ್ಲಿ ನಗುತ್ತ ಇಳಿದು ಬರುತ್ತಿದ್ದನೇನೋ. ಆಗದೇ ಹೋದದ್ದನ್ನು ತೋರಿಸಿ ನೋಡಿ, ನಾನು ಇದನ್ನು ತಪ್ಪಿಸಿದೆ ಎಂದು ಯಾರಿಗೂ ಹೇಳಲಾಗುವುದಿಲ್ಲ. ಸರಿ ಮಾಡಿದೆನೆಂಬ ಖಾತ್ರಿ ನನಗೆ ಯಾವ ಕಡೆಯಿಂದಲೂ ಬರಲಿಲ್ಲ. ಅದಿಲ್ಲದೆಯೇ ಕೆಲಸಕ್ಕೆ ಹೋಗಿ ಬರುತ್ತಿದ್ದೆ.

ಶ್ರಾವಣದ ಕೊನೆಗೆ ನನ್ನ ಒಪ್ಪಂದ ಮುಂದುವರಿಯಲಿಲ್ಲ. ಕ್ರೇನಿನ ಕಾರಣಕ್ಕೋ, ಕೀಯ ಕಾರಣಕ್ಕೋ, ಎರಡೂ ಅಲ್ಲದ ಮತ್ತೊಂದಕ್ಕೋ, ಯಾರೂ ಹೇಳಲಿಲ್ಲ. ಪುಣೆಯಿಂದ ಬಂದ ಮೇಲ್ ತುಂಬ ನಯವಾಗಿತ್ತು. ಸೆಲ್ವಂ ಸರ್ ತಮ್ಮ ಕೈಲಾದಷ್ಟು ಹೇಳಿ ನೋಡಿದ್ದರು, ನನ್ನ ಮುಖ ನೋಡಲಾಗದೆ ಪರದೆ ನೋಡುತ್ತ ಮಾತಾಡಿದರು. ನನಗೆ ಸಿಟ್ಟು ಬಂತು, ಬಹಳ ಸಿಟ್ಟು. ನಯವಾಗಿ ಗಟ್ಟಿಯಾಗಿ ಮಾತಾಡಿದರೆ ಕೆಲಸ ಉಳಿಯುತ್ತದೆ ಎಂದು ಆ ಹಾಳೆಯಲ್ಲಿ ಎಲ್ಲೂ ಬರೆದಿರಲಿಲ್ಲ, ನಿಜ. ಆದರೂ ನಾನು ಹಾಗೆ ನಂಬಿಕೊಂಡಿದ್ದೆ.

ದೊಡ್ಡವ್ವನ ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಅತ್ತೆ. ಅವಳಿಗೆ ಕೀ, ಕಂಬ, ಪುಣೆ ಏನೂ ಗೊತ್ತಿಲ್ಲ. ಎಲ್ಲ ಕೇಳಿ, "ಹಂಗಾರ ಕಡೀತನ ಕೈ ತಗೀಲಿಲ್ಲಲ್ಲ?" ಎಂದಳು.

"ಇಲ್ಲ ದೊಡ್ಡವ್ವ."

"ಹುಡುಗ ಚಲೋ ಅದಾನಲ್ಲ?"

"ಅದಾನ. ನನ್ನ ಕೂಡ ಮಾತಾಡಂಗಿಲ್ಲ."

"ಮಾತಾಡದಿದ್ರ ಬಿಡ್ಲಿ, ಅದಾನಲ್ಲ. ಏಳು, ಕೈಕಾಲು ಮುಖ ತೊಳಕೊ, ರೊಟ್ಟಿ ಮಾಡ್ತೀನಿ." ಅವತ್ತು ಅವಳು ಬಡಿಸಿದ್ದಕ್ಕೆಲ್ಲ ನಾನು ಬೇಡ ಎನ್ನಲಿಲ್ಲ. ಕೆಲವು ತಿಂಗಳ ನಂತರ ಹಗರಿಬೊಮ್ಮನಹಳ್ಳಿಯಲ್ಲಿ ಬಿಸಿಲಿನಿಂದ ಕರೆಂಟು ತೆಗೆಯುವ ಇನ್ನೊಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಈಗಲೂ ಅಲ್ಲೇ ಇದ್ದೇನೆ. ಬಿಸಿಲಿಗೆ ಅಷ್ಟು ಅವಸರವಿಲ್ಲ.

ಇಷ್ಟೆಲ್ಲ ನೆನೆಯುತ್ತ ನಡೆಯುವಷ್ಟರಲ್ಲಿ ಗುಡ್ಡದ ಬುಡ ಬಂದಿತ್ತು. ಬೇವಿನ ಮರ ದೊಡ್ಡದಾಗಿದೆ. ಅಜ್ಜಪ್ಪನ ಹೊಲದಲ್ಲಿ ಮೆಕ್ಕೆಜೋಳ ಮೊಳಕಾಲುದ್ದ ಬಂದಿದೆ. ಗೇಟಿನಲ್ಲಿ ಹನುಮಜ್ಜ ಇಲ್ಲ, ಬೇರೆ ಯಾರೋ ಇದ್ದರು. ಹೆಸರು ಹೇಳಿ ಒಳಗೆ ಹೋದೆ. ಕಂಟ್ರೋಲ್ ರೂಮಿನ ಬಾಗಿಲು ಓರೆಯಾಗಿತ್ತು, ತಗಡು ಅದೇ ತಾಳದಲ್ಲಿ ಬಡಿದುಕೊಳ್ಳುತ್ತಿತ್ತು.

ನನ್ನ ಕುರ್ಚಿಯಲ್ಲಿ ಕೊಟ್ರೇಶ ಕೂತಿದ್ದ. ಹೊಟ್ಟೆ ಬಂದಿದೆ, ಕನ್ನಡಕ ಬಂದಿದೆ. ಸೈಟಿನ ಉಸ್ತುವಾರಿ ಈಗ ಅವನದೇ ಎಂದು ಗೇಟಿನಲ್ಲಿ ಹೇಳಿದ್ದರು. ಅವನ ಮುಂದೆ ಇಬ್ಬರು ಟೆಕ್ನಿಶಿಯನ್ನರು ಬೆಲ್ಟು ತೊಟ್ಟು ನಿಂತಿದ್ದರು. ಅವನು ಫೋನಿನಲ್ಲಿದ್ದ. ನನ್ನನ್ನು ನೋಡಲಿಲ್ಲ. ನಾನು ಬಾಗಿಲಲ್ಲೇ ನಿಂತೆ.

"ಸರ್, ಐ ಅಂಡರ್‌ಸ್ಟ್ಯಾಂಡ್ ಇಟ್ ಈಸ್ ಅರ್ಜೆಂಟ್" ಎಂದ. ದನಿಯಲ್ಲಿ ತಮಾಷೆ ಇರಲಿಲ್ಲ. "ದಿ ವಿಂಡ್ ಈಸ್ ಅಬವ್ ದಿ ಲಿಮಿಟ್. ಐ ಕೆನಾಟ್ ಗಿವ್ ದಿ ಕೀ. ವೆನ್ ಇಟ್ ಕಮ್ಸ್ ಡೌನ್, ಐ ವಿಲ್ ಕಾಲ್ ಯು."

ಅವತ್ತು ನಾನು ಆಡಿದ ಮಾತೇ, ಬಾಲಕ್ಕೆ ಏನೂ ಸೇರಿಸಲಿಲ್ಲ. ಹೇಳಿ ಸುಮ್ಮನಾದ. ಬೆಲ್ಟು ತೊಟ್ಟವರಲ್ಲಿ ಒಬ್ಬ ಅಸಹನೆಯಿಂದ ಕಾಲು ಬದಲಿಸಿದ. ನಾನು ಟೇಬಲ್ಲಿನ ಮೇಲೆ ನೋಡಿದೆ. ಕೊಟ್ರೇಶನ ಅಂಗೈ ಕೀಯ ಮೇಲೆ ಅಗಲವಾಗಿ ಕೂತಿತ್ತು. ದೊಡ್ಡವ್ವನನ್ನು ಅವನು ನೋಡಿಯೇ ಇಲ್ಲ. ನೋಡಿದ್ದು ನನ್ನ ಕೈಯನ್ನು, ಆ ಒಂದೇ ದಿನ, ಸಿಟ್ಟಿನಿಂದ ಕೆಂಪಾದ ಕಣ್ಣಿನಲ್ಲಿ.

ಫೋನ್ ಕಟ್ಟಾದ ಮೇಲೂ ಅವನು ಕೈ ತೆಗೆಯಲಿಲ್ಲ. ಟೆಕ್ನಿಶಿಯನ್ನರು ಗೊಣಗುತ್ತ ನನ್ನ ಪಕ್ಕದಿಂದ ಹೊರಗೆ ಹೋದರು. ಆಗ ತಲೆಯೆತ್ತಿ ನನ್ನನ್ನು ಕಂಡ. ಅವನು ಕೀಯನ್ನು ಮೊಳೆಗೆ ತೂಗುಹಾಕಿ, ಕುರ್ಚಿಯಿಂದ ಎದ್ದು, ಅದನ್ನು ನನ್ನ ಕಡೆ ತಿರುಗಿಸಿದ.

"ಕೂಡ್ರಿ ಅಕ್ಕಾ" ಎಂದ. "ಚಾ ಕುಡೀತೀರೇನ್ರಿ?"

ಕೂಡ್ಲಿಗಿಯಲ್ಲಿ ಎರಡು ಚಹಾ ಆಗಿತ್ತು. "ಕುಡೀತೀನಪಾ" ಎಂದೆ.